ಮೂರನೆಯ ಪ್ಲಗ್

ಗಂಡನನ್ನು ಮಣ್ಣು ಮಾಡಿ, ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಿಗ್ಗೆ, ಕೆಲಸಕ್ಕೆ ಹೋಗಲು ನನ್ನವರ ಹಳೆಯ ಕಾರನ್ನು ಚಾಲೂ ಮಾಡಿದೆ. ಅದು ಕೆಮ್ಮುತ್ತ ನಡುಗಿತು.

“ಗುಜರಿಗೆ ಹಾಕಿಬಿಡಿ ಅತ್ತಿಗೆ,” ಎಂದ ಜೊತೆಯಲ್ಲೇ ಇರುವ ಮೈದುನ. ನನಗೆ ಮನಸ್ಸು ಬರಲಿಲ್ಲ. ಎದುರಿನ ಗ್ಯಾರೇಜಿನ ಮೇಸ್ತ್ರಿಯನ್ನು ಕರೆದೆ.

ಮೇಸ್ತ್ರಿ ಓಡುತ್ತಿದ್ದ ಎಂಜಿನ್ನಿನ ಪ್ಲಗ್ ವೈರುಗಳನ್ನು ಒಂದೊಂದಾಗಿ ಕಿತ್ತು ಕಿವಿಗೊಟ್ಟರು. ಮೊದಲೆರಡನ್ನು ಕಿತ್ತಾಗ ಸದ್ದು ಇನ್ನಷ್ಟು ಕುಗ್ಗಿತು; ಮೂರನೆಯದನ್ನು ಕಿತ್ತಾಗ ಬದಲಾಗಲೇ ಇಲ್ಲ.

“ಕೆಲಸಗಳ್ಳ ಇವನೇ ನೋಡಮ್ಮ!” ಎಂಜಿನ್ ಆರಿಸಿ ಮುಟ್ಟಿದರೆ ಆ ಪ್ಲಗ್ ಅಲ್ಲಾಡುತ್ತಿತ್ತು. “ನಿಮ್ಮ ಯಜಮಾನ್ರು ಬಿಗಿ ಮಾಡೋದೇ ಮರೆತಿದಾರೆ.”

ಅರ್ಧ ಕೆಲಸ ಬಿಟ್ಟು ಕಾಫಿಗೆ ಓಡಿಬರುವುದು ನನ್ನವರ ಚಾಳಿ. ಸೀಟಿನ ಕೆಳಗೆ ಸಿಕ್ಕ ಸ್ಪ್ಯಾನರಿನಿಂದ ನಾನೇ ಬಿಗಿಸಿದೆ. ಎಂಜಿನ್ ಹದವಾಗಿ ಗುನುಗಿತು.

“ಅಯ್ಯೋ, ಅದು ನನ್ನ ಸ್ಪ್ಯಾನರ್ರು! ಕೇಳಿದಾಗೆಲ್ಲ ‘ನಾಳೆ ಕೊಡ್ತೀನಿ’ ಅಂತಿದ್ರು.”

ಬಟ್ಟೆಯಲ್ಲಿ ಒರೆಸಿ ಮೇಸ್ತ್ರಿಯ ಕೈಗಿಟ್ಟೆ.

“ತಗೊಳ್ಳಿ. ಇವತ್ತು ಕೊಟ್ಟಿದಾರೆ.”