ಆಮೆನ್ ಒಳಗೆ ತೆರೆಯದ ಪುಟ

ನೈರೋಬಿಯ ಕೊಳೆಗೇರಿ ಮುಕುರುವಿನ ಆಸ್ಪತ್ರೆ ಬಾಗಿಲಲ್ಲಿ ಬಸುರಿಯರು ನಸುಕಿಗೇ ಬಂದು ಸಾಲು ನಿಲ್ಲುವುದನ್ನು ಕಂಡು ದಾನಿಗಳಿಗೆ ಮರುಕ ಹುಟ್ಟಿತ್ತು. ಸರದಿ ಚೀಟಿಯನ್ನು ಫೋನಿನಲ್ಲೇ ಕೊಡುವ ಜಾಲತಾಣ ಕಟ್ಟಬೇಕಿತ್ತು. ಕಟ್ಟುವವರು ಅದೇ ಊರಿನ ಕಚೇರಿಯೊಂದರ ಒಂಬತ್ತನೇ ಮಹಡಿಯಲ್ಲಿದ್ದರು. ಅವರಲ್ಲೊಬ್ಬಳಾದ ನೆಕೆಸಾಳ ತಂಗಿ ನಫುಲಾ ಮಾತ್ರ ಆ ಸಾಲಿನಲ್ಲಿದ್ದಳು. ತುಂಬು ಬಸುರಿ, ಊದಿದ ಕಾಲಿಗೆ ಚಪ್ಪಲಿ ಹಿಡಿಯುತ್ತಿರಲಿಲ್ಲ.

ಯಾವ ಫ್ರೇಮ್‌ವರ್ಕಿನಲ್ಲಿ ಕಟ್ಟುವುದು, ಅಂದರೆ ತಾಣ ಕಟ್ಟಲು ಸಿಗುವ ಸಿದ್ಧ ಚೌಕಟ್ಟುಗಳಲ್ಲಿ ಯಾವುದು ಸರಿ ಎಂದು ಸಭೆ ಸೇರಿತು. ಮುಖ್ಯಸ್ಥ ಕಿಲೊಂಜೊ ಹಲಗೆಯ ಮೇಲೆ ಅವುಗಳ ಹೆಸರು ಬರೆದು, ಎಲ್ಲರಿಗೂ ಬಣ್ಣದ ಚೀಟಿ ಹಂಚಿ, "ಇದು ಪ್ರಜಾಪ್ರಭುತ್ವ. ಮನಸ್ಸಿಗೆ ಬಂದದ್ದಕ್ಕೆ ಅಂಟಿಸಿ" ಎಂದ. ಈಚೆಗೆ ಬಂದ ಭಾರಿ ಫ್ರೇಮ್‌ವರ್ಕೊಂದರ ಹೆಸರನ್ನು ಅವನು ದಾನಿಗಳಿಗೆ ಆಗಲೇ ಹೇಳಿಬಿಟ್ಟಿದ್ದ. ಅದರಲ್ಲೇ ಮಾದರಿ ಪುಟವನ್ನೂ ಕಟ್ಟಿಟ್ಟಿದ್ದ. ಮದುವೆ ಮುಗಿದ ಮೇಲೆ ಹೆಣ್ಣು ನೋಡುವ ಶಾಸ್ತ್ರ.

"ಹೊಸದು ಕಲಿತ್ರೆ ಬರ್ಲಿನ್‌ನವ್ರು ಕೆಲ್ಸಕ್ಕೆ ಕರೀತಾರೆ ಕಣೇ" ಎಂದು ಪಕ್ಕದ ಕಿಬೆಟ್ ಪಿಸುಗುಟ್ಟಿ, ಹೊಸದಕ್ಕೇ ಅಂಟಿಸಿ ಬಂದ.

"ಮುಕುರು ಹೆಂಗಸ್ರು ಹೆರಿಗೆಗೆ ಬರ್ಲಿನ್‌ಗೆ ಹೋಗ್ತಾರೇನೋ?" ಎನ್ನುತ್ತಾ ನೆಕೆಸಾ ಎದ್ದು ನಿಂತಳು. "ಬಾಸ್, ಬೇಕಾಗಿರೋದು ಒಂದು ಹೆಸ್ರು, ಒಂದು ನಂಬರು. ಇದಕ್ಕೆ ಫ್ರೇಮ್‌ವರ್ಕೇ ಬೇಡ. ಸಾದಾ ಪುಟ ಸಾಕು."

"ಸಾದಾ ಪುಟಾನ? ದಾನಿಗಳ ಮುಂದೆ ನನ್ನ ಚಡ್ಡೀಲಿ ನಿಲ್ಲಿಸ್ತೀಯೇನಮ್ಮ?"

ಎಲ್ಲರೂ ನಕ್ಕರು. ನೆಕೆಸಾ ಗಾಜು ಬಿರಿದ ಫೋನೊಂದನ್ನು ಮೇಜಿನ ಮೇಲಿಟ್ಟಳು. "ನನ್ನ ತಂಗೀದು. ಆಫೀಸ್ ವೈಫೈ ಇಲ್ಲ, ಅವಳ ಸಿಮ್ಮೇ. ಮಾಮಾ ಅವೂರ್ ಈಗ ಪ್ರಾರ್ಥನೆ ಶುರು ಮಾಡ್ಲಿ. ಆಮೆನ್ ಅನ್ನೋದ್ರೊಳಗೆ ನಿಮ್ಮ ಪುಟ ತೆರೆದ್ರೆ ನನ್ನ ಚೀಟೀನೂ ನಿಮಗೇ."

ಸಭೆ ಮುಗಿಸುವ ಪ್ರಾರ್ಥನೆ ಲೆಕ್ಕಪತ್ರ ನೋಡುವ ಹಿರಿಯಾಕೆ ಮಾಮಾ ಅವೂರ್ ಅವರದು; ಮಾಮಾ ಅಂದರೆ ಅಲ್ಲಿ ಅಮ್ಮ. ಅವರು ಕಣ್ಣು ಮುಚ್ಚಿದಾಗ ಒಲೆಗಿಟ್ಟ ಹುರುಳಿ ಆಮೆನ್ ಹೊತ್ತಿಗೆ ಬೆಂದಿರುತ್ತದೆ ಎಂಬ ಮಾತಿತ್ತು. ಅವರು ದಾನಿಗಳಿಗಾಗಿ ಬೇಡಿಕೊಂಡರು, ಕೆಟ್ಟ ಲಿಫ್ಟಿಗಾಗಿ ಬೇಡಿಕೊಂಡರು, ಕಿಲೊಂಜೊನ ಅತ್ತೆಯ ಮಂಡಿನೋವಿಗಾಗಿ ಬೇಡಿಕೊಂಡರು. ಫೋನಿನಲ್ಲಿ ಪುಟದ ಬದಲು ಕಾಯಿಸುವ ಚಕ್ರ ತಿರುಗುತ್ತಲೇ ಇತ್ತು. ಆಮೆನ್ ಆಯಿತು. ಚಕ್ರ ನಿಲ್ಲಲಿಲ್ಲ.

"ಮಾಮಾ, ಇವತ್ತು ಪ್ರಾರ್ಥನೆ ಸ್ವಲ್ಪ ಚಿಕ್ಕದಾಯ್ತು" ಎಂದ ಕಿಲೊಂಜೊ.

"ದೇವ್ರಿಗೆ ಕೇಳಿಸ್ತಪ್ಪಾ. ನಿನ್ನ ಪುಟಕ್ಕೇ ಕೇಳಿಸ್ಲಿಲ್ಲ."

ಅಷ್ಟಾದ ಮೇಲೆ ಕಿಲೊಂಜೊ ತೀರ್ಮಾನ ಹೇಳಿದ: ತಪ್ಪು ಪುಟದ್ದಲ್ಲ, ಆ ಹೆಂಗಸರಿಗೆ ಕಾಯುವ ಅಭ್ಯಾಸವಿಲ್ಲ, ತರಬೇತಿ ಕೊಡಬೇಕು. ಕೊಡುವವಳು ನೆಕೆಸಾ. ಅವಳ ಕೈಯಲ್ಲೇ ಉಳಿದಿದ್ದ ಚೀಟಿಯನ್ನು ನಯವಾಗಿ ಇಸಿದುಕೊಂಡು ಹೊಸದರ ಕೆಳಗೆ ತಾನೇ ಅಂಟಿಸಿದ. ಆಯ್ಕೆ ಸರ್ವಾನುಮತದ್ದಾಯಿತು.

ಮಾದರಿ ಪುಟ ಸಿದ್ಧವೇ ಇದ್ದುದರಿಂದ ಮುಂದಿನ ವಾರವೇ ತಾಣದ ಉದ್ಘಾಟನೆಯಾಯಿತು. ಮರುದಿನ ನಸುಕಿನಲ್ಲಿ ನೆಕೆಸಾ ಪಾಠ ಹೇಳಲು ಆಸ್ಪತ್ರೆಗೆ ಹೋದಳು. ಗೋಡೆಯ ತುಂಬ ಪೋಸ್ಟರು: ನಗುವ ಬಸುರಿ, ಅವಳ ಕೈಯಲ್ಲಿ ಹೊಳೆಯುವ ಫೋನು, 'ಸರದಿ ಇನ್ನು ನಿಮ್ಮ ಕೈಯಲ್ಲಿ'. ಅದರ ಕೆಳಗೆ ಅದೇ ಹಳೆಯ ಸಾಲು. ಆದರೆ ಈಗ ಪ್ರತಿಯೊಬ್ಬಳ ಕೈಯಲ್ಲೂ ಒಂದೊಂದು ಚಕ್ರ ತಿರುಗುತ್ತಿತ್ತು. ಬಡವರ ಕಾಲನ್ನು ಕಾಯಿಸಿದ್ದು ಸಾಲದೆ ಅವರ ಬೆರಳನ್ನೂ ಕಾಯಿಸಲು ಇಷ್ಟು ಓದಿದವರು ಬೇಕಾಗಿದ್ದರು.

"ಅಕ್ಕಾ, ಬಂದ್ಯಾ? ಕಾಯೋದು ಹೆಂಗೆ ಅಂತ ಹೇಳ್ಕೊಡೇ, ನಮಗೆ ಗೊತ್ತಿಲ್ವಲ್ಲ" ಎಂದಳು ನಫುಲಾ, ಗೋಡೆಗೆ ಒರಗಿ. ಸಾಲು ಪೂರ್ತಿ ನಕ್ಕಿತು.

ನೆಕೆಸಾಳಿಗೆ ನಗು ಬರಲಿಲ್ಲ. ಪೋಸ್ಟರಿನ ತುದಿ ಹಿಡಿದು ಪರ್ರನೆ ಕಿತ್ತಳು. ಹಿಂಬದಿ ಅಚ್ಚ ಬಿಳಿ. ಹರಿದು ಹರಿದು ಪೆನ್ನಿನಲ್ಲಿ ನಂಬರು ಬರೆದು, ಮುಂದಿದ್ದವಳಿಂದ ಹಂಚುತ್ತಾ ಬಂದಳು. ಚೀಟಿ ಸಿಕ್ಕವರು ಎದುರಿನ ಚಪಾತಿ ಅಂಗಡಿಯ ಬೆಂಚುಗಳ ಮೇಲೆ ಹೋಗಿ ಕೂತರು. ಸಾಲು ಕರಗಿತು.

ನಫುಲಾ ತನ್ನ ಚೀಟಿಯನ್ನು ತಿರುಗಿಸಿ ನೋಡಿದಳು; ಅದರ ಬೆನ್ನಿಗೆ ಆ ನಗುವವಳ ಹಲ್ಲು. "ಇಷ್ಟಕ್ಕೆ ಒಂಬತ್ತನೇ ಮಹಡಿ ಯಾಕಕ್ಕಾ ಬೇಕಿತ್ತು?"

ಹಿಂದಿನಿಂದ ಆಗಷ್ಟೇ ಬಂದ ಬಸುರಿಯೊಬ್ಬಳ ಕೈ ಚಾಚಿತು. ನೆಕೆಸಾ ದಾನಿಗಳ ಲಾಂಛನವಿದ್ದ ಕೊನೆಯ ತುಂಡನ್ನೂ ಹರಿದಳು.