ಎಡಗಾಲಿನ ಒಂದು ಚಿತ್ರ

ಸೆಪ್ಟೆಂಬರಿನ ಒಂದು ಮಧ್ಯಾಹ್ನ, ಹೊನ್ನಾವರದ ತನ್ನ ಫೋಟೋ ಸ್ಟುಡಿಯೋದಲ್ಲಿ ಚಂದನಾ ಮದುವೆ ಆಲ್ಬಮ್ಮಿನ ಕೆಲಸ ಮಾಡುತ್ತಿದ್ದಳು. ನಲವತ್ತರ ಆಸುಪಾಸಿನ ಹೆಂಗಸೊಬ್ಬಳು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದಳು. ಆಧಾರಿಗೋ ಪಾಸ್‌ಪೋರ್ಟಿಗೋ ಇರಬೇಕೆಂದುಕೊಂಡು ಚಂದನಾ ಸ್ಟೂಲು ತೋರಿಸಿದಳು. ಅವಳು ಕೂರಲಿಲ್ಲ.

“ನಾ ತದಡಿಯ ನಾಗಿ. ನಮ್ಮನೆಯೋರ ಫೋಟೋ ತೆಗದದ್ದು ನೀವೇ ಅಂದ್ರು.”

“ಯಾವಾಗಿನದು? ಮದುವೆದಾ?”

“ಅಲ್ಲ ತಂಗೀ. ಹೆಣದ್ದು.”

ಚಂದನಾ ಕಂಪ್ಯೂಟರಿನಿಂದ ಕೈ ತೆಗೆದಳು.

ತಾಲೂಕಿನಲ್ಲಿ ಯಾರಾದರೂ ನೀರಿಗೆ ಬಿದ್ದೋ, ರೈಲಿಗೆ ಸಿಕ್ಕೋ ಸತ್ತರೆ ಪೊಲೀಸರು ಅವಳಿಗೆ ಫೋನ್ ಮಾಡುತ್ತಿದ್ದರು. ಅಪ್ಪ ಕೃಷ್ಣಾನಂದ ಇಪ್ಪತ್ತು ವರ್ಷ ಮಾಡಿದ ಕೆಲಸ ಅದು. ಅವರ ಮೊಣಕಾಲು ಕೈಕೊಟ್ಟ ಮೇಲೆ ಮಗಳಿಗೆ ಬಂತು. ಹನ್ನೆರಡು ದಿನದ ಹಿಂದೆ ಹೊನ್ನಾವರದ ದಕ್ಷಿಣಕ್ಕೆ ದಡ ಸೇರಿದ್ದ ಹೆಣದ ಶವಪರೀಕ್ಷೆಯನ್ನು ಪೂರ್ತಿ ವೀಡಿಯೋ ಮಾಡಬೇಕೆಂದು ತಹಶೀಲ್ದಾರರು ಬರೆದುಕೊಟ್ಟಿದ್ದರು. ನಾಲ್ಕು ದಿನ ಸಮುದ್ರದಲ್ಲಿದ್ದ ಹೆಣ, ಗುರುತು ಸಿಗುವಂತಿರಲಿಲ್ಲ. ಚಂದನಾ ವೀಡಿಯೋ ಮಾಡಿದಳು, ಎರಡು ಪೆನ್‌ಡ್ರೈವ್‌ಗೆ ಹಾಕಿ ಕೊಟ್ಟಳು, ಯಾರಿಗೂ ತೋರಿಸುವುದಿಲ್ಲ, ಪ್ರತಿ ಇಟ್ಟುಕೊಳ್ಳುವುದಿಲ್ಲ ಎಂಬ ಕಾಗದಕ್ಕೆ ಸಹಿ ಹಾಕಿದಳು. ಪೆನ್‌ಡ್ರೈವ್‌ಗಳನ್ನು ಅವಳ ಕಣ್ಣೆದುರೇ ಲಕೋಟೆಗೆ ಹಾಕಿ ಅರಗು ಒತ್ತಿದರು.

“ನಾ ತೋರಿಸೋ ಹಾಗಿಲ್ಲ ಅಕ್ಕಾ” ಎಂದಳು. “ನನ್ನ ಹತ್ರ ಈಗ ಅದು ಇಲ್ಲವೇ ಇಲ್ಲ.”

“ತೋರ್ಸೂದು ಬ್ಯಾಡ. ಬಾಯಲ್ಲಿ ಒಂದು ಮಾತು ಹೇಳಿ. ನಮ್ಮನೆಯೋರಿಗೆ ಎಡಗಾಲಿನ ಎರಡು ಬೆಳ್ಳು ಕೂಡ್ಕಂಡೇ ಹುಟ್ಟಿದ್ದು. ಹೆಬ್ಬೆಳ್ಳ ಪಕ್ಕದ್ದು, ಅದರ ಪಕ್ಕದ್ದು. ನೀವು ತೆಗದ ಹೆಣಕ್ಕೆ ಹಾಂಗಿತ್ತಾ?”

ಆಮೇಲೆ ನಾಗಿ ಸ್ಟೂಲಿನ ಮೇಲೆ ಕೂತು ಎಲ್ಲ ಹೇಳಿದಳು. ಗಂಡ ಸೋಮ ತದಡಿಯ ಬೋಟೊಂದರಲ್ಲಿ ಮೀನು ಹಿಡಿಯಲು ಹೋದವನು. ರಾತ್ರಿ ಕುಡಿದು ಅಂಚಿನಲ್ಲಿ ಮಲಗಿದ್ದ, ಬೆಳಿಗ್ಗೆ ನೋಡಿದರೆ ಇಲ್ಲ ಎಂದು ಬೋಟಿನವರು ಹೇಳಿದರು. ಅದೇ ವಾರ ಭಟ್ಕಳದ ಬೋಟಿನಿಂದಲೂ ಒಬ್ಬ ಕಾಣೆಯಾಗಿದ್ದ. ಹೆಣದ ಮೈಮೇಲೆ ಇದ್ದದ್ದು ನೀಲಿ ಟೀಶರ್ಟು. ಸೀಸನ್ ಶುರುವಾದಾಗ ಒಂದು ಮಂಜುಗಡ್ಡೆ ಫ್ಯಾಕ್ಟರಿಯವರು ತದಡಿಯಿಂದ ಭಟ್ಕಳದವರೆಗೆ ಬೋಟಿನವರಿಗೆಲ್ಲ ಹಂಚಿದ ಟೀಶರ್ಟು. ಸೋಮನ ತಮ್ಮ ವಿಶಾಲ ಅಂಗಿ, ಎತ್ತರ ನೋಡಿ ಅಣ್ಣನೇ ಎಂದ. ನಾಗಿಯನ್ನು ಶವಾಗಾರದ ಹೊರಗೇ ಹೆಂಗಸರು ಹಿಡಿದುಕೊಂಡಿದ್ದರು. ಅಲ್ಲಿಂದ ನೇರ ಸ್ಮಶಾನಕ್ಕೆ ಒಯ್ದು ಸುಟ್ಟರು.

“ಕಾಲು ಕಂಡ್ಯಾ ಅಂತ ವಿಶಾಲನ ಕೇಳ್ದೆ. ಮುಖ ಕಂಡದ್ದೇ ಹೊರಗೆ ಓಡಿ ಬಂದೆ ಅತ್ತಿಗೆ, ಕಾಲು ಎಲ್ಲಿ ನೋಡ್ಲಿ ಅಂದ. ಠಾಣೆಗೆ ಹೋದ್ರೆ, ಅದು ಹಂಗೆಲ್ಲ ತೋರ್ಸೂದಲ್ಲ ಅಂದ್ರು. ಗಂಡನ್ನ ಹೆಂಡ್ತಿ ನೋಡೂಕಾಗ, ಠಾಣೆಯೋರೆಲ್ಲ ನೋಡೂಕಾತದಾ? ಇದೆಂತ ಕಾಯ್ದೆ?”

ಚಂದನಾ ಕಣ್ಣು ಮುಚ್ಚಿ ನೆನಪು ಮಾಡಿಕೊಂಡಳು. ಏನೂ ಸಿಗಲಿಲ್ಲ. ಬೆಳಕು ಎಲ್ಲಿಂದ ಬೀಳುತ್ತಿತ್ತು, ವೈದ್ಯರ ಕೈಗವಸಿನ ಬಣ್ಣ ಯಾವುದು, ಬ್ಯಾಟರಿ ಎಷ್ಟಿತ್ತು, ಎಲ್ಲ ನೆನಪಿತ್ತು. ಕಾಲನ್ನು ಹತ್ತಿರದಿಂದ ತೆಗೆದದ್ದೂ ನೆನಪಿತ್ತು. ಬೆರಳು ಮಾತ್ರ ಇಲ್ಲ. ಹೆಣ ನೋಡಬೇಡ, ಚೌಕಟ್ಟು ನೋಡು ಎಂದು ಅಪ್ಪ ಹೇಳಿಕೊಟ್ಟದ್ದನ್ನು ಅವಳು ಅಷ್ಟು ಚೆನ್ನಾಗಿ ಕಲಿತಿದ್ದಳು.

“ಸುಳ್ಳು ಹೇಳ್ತಿಲ್ಲ ಅಕ್ಕಾ. ನಂಗೆ ಗೊತ್ತಿಲ್ಲ” ಎಂದಳು.

ನಾಗಿ ಫೋನ್ ನಂಬರು ಬರೆಸಿ ಕುಮಟೆಯ ಬಸ್ಸು ಹತ್ತಿ ಹೋದಳು. ಚಂದನಾಳಿಗೆ ಆಮೇಲೆ ಆಲ್ಬಮ್ಮಿನ ಕೆಲಸ ಸಾಗಲಿಲ್ಲ. ಆ ಬೆರಳುಗಳು ಕೂಡಿಕೊಂಡಿದ್ದವೇ, ಇಲ್ಲವೇ? ತಾನೇ ತೆಗೆದ ವೀಡಿಯೋ. ತನಗೇ ಈಗ ನೋಡಲಿಕ್ಕೆ ಹಕ್ಕಿಲ್ಲ. ಸುಮ್ಮನೆ ಲ್ಯಾಪ್‌ಟಾಪಿನಲ್ಲಿ ಹುಡುಕಿದಳು. ಅಳಿಸಿದ ಫೈಲುಗಳ ಬುಟ್ಟಿಯಲ್ಲಿ ಅದು ಹಾಗೇ ಬಿದ್ದಿತ್ತು. ಬುಟ್ಟಿ ಖಾಲಿ ಮಾಡಲು ಮರೆತಿದ್ದಳು.

ಬಾಗಿಲು ಎಳೆದುಕೊಂಡು ಬಂದು ಫೈಲನ್ನು ಒತ್ತಿದಳು. ಮೊದಲು ಕಂಡದ್ದು ತನ್ನದೇ ಕೈಬರಹದ ಸ್ಲೇಟು: ಪ್ರಕರಣದ ಸಂಖ್ಯೆ, ದಿನಾಂಕ, ಸಮಯ. ಇನ್ನು ಮೂರು ಸೆಕೆಂಡಿಗೆ ಕ್ಯಾಮೆರಾ ತಿರುಗುತ್ತದೆ. ಆ ದಿನ ಅವಳು ಒಮ್ಮೆಯೂ ಕ್ಯಾಮೆರಾ ನಿಲ್ಲಿಸಿರಲಿಲ್ಲ. ಈಗ ಸ್ಲೇಟಿನ ಮೇಲೇ ನಿಲ್ಲಿಸಿ ಲ್ಯಾಪ್‌ಟಾಪು ಮುಚ್ಚಿಬಿಟ್ಟಳು.

ಸಂಜೆ ಯಾರೋ ಫೋನ್ ಮಾಡಿದರು. ಕರಾವಳಿ ಸುದ್ದಿಯ ಯೂಟ್ಯೂಬ್ ಚಾನೆಲ್ಲಿನವನಂತೆ. “ತದಡಿ ಬೋಟಿನ ಕೇಸಿನ ವೀಡಿಯೋ ಒಂದು ಹತ್ತು ಸೆಕೆಂಡಿನದು ಕೊಡಿ ಮೇಡಂ. ಮುಖ ಬ್ಲರ್ ಮಾಡ್ತೆ. ಜನ ನೋಡ್ತಾರೆ.” ಚಂದನಾ ಫೋನಿಟ್ಟಳು. ತಾನು ಸಹಿ ಹಾಕಿದ ಆ ಕಾಗದ ಯಾಕೆ ಬೇಕೆಂದು ಅವಳಿಗೆ ಈಗ ಅರ್ಥವಾಯಿತು. ನಾಗಿಯ ಪ್ರಶ್ನೆ ಮಾತ್ರ ಅಲ್ಲೇ ಇತ್ತು.

ಮರುದಿನ ಅವಳು ಜೊತೆಗೆ ಓದಿದ್ದ ವಕೀಲೆ ಪವಿತ್ರಾಳ ಬಳಿ ಹೋದಳು. ಪವಿತ್ರಾ ಎಲ್ಲ ಕೇಳಿ, “ಮೊದಲು ಆ ಫೈಲಿನ ವಿಷಯ. ನೀನೇ ಬರೆದುಕೊಂಡು ಹೋಗಿ ತಹಶೀಲ್ದಾರರಿಗೆ ಹೇಳು, ಅವರ ಎದುರೇ ಅಳಿಸು” ಎಂದಳು.

“ಬೈತಾರೆ.”

“ಬೈಲಿ. ನಾಳೆ ಅದು ಯಾರದ್ದೋ ಮೊಬೈಲಿಗೆ ಹೋದ್ರೆ ಬೈಗುಳದಲ್ಲಿ ಮುಗಿಯೂದಿಲ್ಲ.”

“ನಾಗಿಯಕ್ಕ ನೋಡೂಕೆ ಆಗೋದೇ ಇಲ್ವಾ?”

ಪವಿತ್ರಾ ಒಂದು ಹಾಳೆ ಎಳೆದುಕೊಂಡಳು. “ಇವರು ನೋಡಬಹುದು, ಇವರು ನೋಡಬಾರದು ಅಂತ ಒಂದೇ ಕಡೆ ಬರೆದಿಟ್ಟ ಪಟ್ಟಿ ನಾ ಕಂಡಿಲ್ಲ. ತನಿಖೆಯ ಕಡತ ಅದು. ಪೊಲೀಸರು, ಡಾಕ್ಟರು, ಮ್ಯಾಜಿಸ್ಟ್ರೇಟರು ನೋಡ್ತಾರೆ. ಹೊರಗಿನವರು ಕೇಳಿದ್ರೆ ಖಾಸಗಿ ಅಂತ ಹೇಳಿ ಕಳಿಸ್ತಾರೆ, ಅದು ಸರಿಯೇ. ಆದ್ರೆ ಹೆಂಡತಿ ಹೊರಗಿನವಳಲ್ಲ. ಗುರುತಿನ ಬಗ್ಗೆ ಸಂಶಯ ಅದೆ ಅಂತ ಕಾರಣ ಕೊಟ್ಟು, ಎಡಪಾದ ಅಷ್ಟೇ ಸಾಕು, ಪ್ರತಿ ಬೇಡ ಅಂತ ಅರ್ಜಿ ಹಾಕೋಣ. ಎಲ್ಲ ಕೇಳಿದ್ರೆ ಇಲ್ಲ ಅಂತಾರೆ. ಇಷ್ಟೇ ಕೇಳಿದ್ರೆ ಇಲ್ಲ ಅನ್ನೂದು ಕಷ್ಟ.”

ಚಂದನಾ ಅದೇ ದಿನ ಹೋಗಿ ಒಪ್ಪಿಕೊಂಡಳು. ತಹಶೀಲ್ದಾರರು ದನಿ ಎತ್ತಲಿಲ್ಲ. ಅದರಿಂದಲೇ ಹೆಚ್ಚು ನೋವಾಯಿತು. ಫೈಲು ಅಳಿಸಿದ್ದಕ್ಕೆ ಮಹಜರು ಬರೆಸಿ, ಇನ್ನು ಮುಂದೆ ಬೇರೆ ಸ್ಟುಡಿಯೋದವರನ್ನು ಕರೆಯುವಂತೆ ಪೊಲೀಸರಿಗೆ ಸೂಚಿಸಿದರು. ನಾಗಿಯ ಅರ್ಜಿಗೆ ಉತ್ತರ ಬರಲು ಹದಿನಾರು ದಿನ ಹಿಡಿಯಿತು. ಅರ್ಜಿದಾರಳೊಬ್ಬಳಿಗೇ, ವೈದ್ಯರ ಸಮಕ್ಷಮ, ವೀಡಿಯೋದಿಂದ ತೆಗೆದ ಎಡಪಾದದ ಒಂದು ಚಿತ್ರ ಮಾತ್ರ.

ಅದಕ್ಕೆ ಗೊತ್ತುಮಾಡಿದ ಸೋಮವಾರ ಹನ್ನೊಂದು ಗಂಟೆಗೆ ನಾಗಿ, ವಿಶಾಲ, ಪವಿತ್ರಾ ತಾಲೂಕು ಕಚೇರಿಗೆ ಬಂದರು. ಚಂದನಾ ತಾನೂ ಬಂದಳು. ಬರಬೇಕೆಂದು ಯಾರೂ ಹೇಳಿರಲಿಲ್ಲ. ನಾಗಿಯ ಹೆಸರು ಕರೆದಾಗ ವಿಶಾಲ ಎದ್ದು ನಿಂತ.

“ಅತ್ತಿಗೆ, ನಾನೂ ಬತ್ತೆ.”

“ನೀ ಕೂತ್ಕೋ. ನೀ ಒಮ್ಮೆ ನೋಡಿದ್ದು ಸಾಕು” ಎಂದು ನಾಗಿ ಸೆರಗು ಬಿಗಿದು ಒಳಗೆ ಹೋದಳು. ಬಾಗಿಲು ಮುಚ್ಚಿತು.

ಚಂದನಾ ಬೆಂಚಿನ ಮೇಲೆ ಕೂತು ಬಾಗಿಲನ್ನೇ ನೋಡುತ್ತಿದ್ದಳು. ಒಂದು ಕಾಲು ನೋಡಲು ಎಷ್ಟು ಹೊತ್ತು ಬೇಕು? ಐದು ನಿಮಿಷವಾಯಿತು, ಹತ್ತಾಯಿತು. ಅಳು ಕೇಳಿಸಲಿಲ್ಲ. ನಾಗಿಯ ಮಾತು ಕೇಳಿಸುತ್ತಿತ್ತು, ಏನೆಂದು ತಿಳಿಯುತ್ತಿರಲಿಲ್ಲ. ನಡುವೆ ವೈದ್ಯರ ದನಿ, ಮತ್ತೆ ನಾಗಿ. ಇದ್ದಕ್ಕಿದ್ದಂತೆ ಬಾಗಿಲು ತೆರೆದು ಜವಾನ ಹೊರಗೆ ಬಂದ.

“ಯಾರತ್ರಾದ್ರೂ ಹಗ್ಗ ಅದೆಯಾ? ದಪ್ಪದ್ದು?”

ಪವಿತ್ರಾ ಚಂದನಾಳ ಮುಖ ನೋಡಿದಳು. ಹಗ್ಗ ಯಾಕೆ? ವಿಶಾಲ ಓಡಿಹೋಗಿ ಅಂಗಳದಲ್ಲಿ ನಿಂತಿದ್ದ ಗೂಡ್ಸ್ ರಿಕ್ಷಾದಿಂದ ಹಗ್ಗ ಬಿಚ್ಚಿಸಿ ತಂದ. ಜವಾನ ತೆಗೆದುಕೊಂಡು ಒಳಗೆ ಹೋದ. ಬಾಗಿಲು ಮತ್ತೆ ಮುಚ್ಚಿತು.

ಮುಕ್ಕಾಲು ಗಂಟೆಯ ನಂತರ ನಾಗಿ ಹೊರಗೆ ಬಂದಳು. ಮುಖ ಬೆವರಿತ್ತು.

“ಅವರೇ” ಎಂದಳು. “ಬೆಳ್ಳು ಕೂಡ್ಕಂಡೇ ಅದೆ.”

ವಿಶಾಲ ಮುಖ ಮುಚ್ಚಿಕೊಂಡ. ನಾಗಿ ಅವನ ತಲೆಯ ಮೇಲೆ ಕೈಯಿಟ್ಟು, ಚಂದನಾಳ ಕಡೆ ತಿರುಗಿದಳು.

“ಬೆಳ್ಳು ನೋಡೂಕೆ ಹೋದೆ ತಂಗೀ. ನೋಡ್ತೆ, ಪಾದದ ಮೇಲೆ, ಗಂಟಿನ ಹತ್ರ, ಎರಡು ಸುತ್ತು ಗೆರೆ. ಓರೆ ಓರೆ. ಡಾಕ್ಟರು, ಅದು ಹೆಣ ತೇಲಿ ಬರೂವಾಗ ಏನಕ್ಕೋ ಸಿಕ್ಕಿ ತರಚಿದ್ದಿರಬೌದು ಅಂದ್ರು. ನಾ ಅಂದೆ, ಅಲ್ಲ ಸಾಹೇಬ್ರೆ, ಅದು ಹಗ್ಗದ ಹುರಿಯ ಗುರ್ತು. ಬಲೆ ಬಿಡೂವಾಗ ಹಗ್ಗದ ಸುರುಳಿ ಒಳಗೆ ಕಾಲಿಟ್ರೆ ಹಾಂಗೆ ಸುತ್ತಿ ಎಳೀತದೆ. ನಮ್ಮಪ್ಪನ ಕಾಲಲ್ಲಿ ಇತ್ತು, ನಮ್ಮ ಮಾವನ ಕಾಲಲ್ಲಿ ಇತ್ತು, ನಾ ಕಂಡದ್ದೆ. ಅವರು ನಂಬ್ಲಿಲ್ಲ. ಹಗ್ಗ ತರ್ಸಿ ಅಂದೆ. ಕುರ್ಚಿ ಕಾಲಿಗೆ ಸುತ್ತಿ ಎಳದು ತೋರ್ಸ್ದೆ. ಡಾಕ್ಟರು ಬಗ್ಗಿ ಕೂತು ನೋಡ್ದರು, ಚಿತ್ರ ನೋಡ್ದರು, ಮತ್ತೆ ಹಗ್ಗ ನೋಡ್ದರು.”

“ಅಂದ್ರೆ…” ಎಂದಳು ಪವಿತ್ರಾ.

“ಮಲಗಿದವರ ಕಾಲಿಗೆ ಹಗ್ಗ ಹೆಂಗೆ ಸುತ್ತತದೆ ಅಕ್ಕೋರೆ? ಕುಡಿದು ಮಲಗಿದ್ರು ಅಂದ್ರಲ್ಲ ಬೋಟಿನವರು. ದಡದ ಮೇಲೆ ಕುಡಿತಿದ್ರು, ಇಲ್ಲ ಅನ್ನೂದಿಲ್ಲ. ನೀರಿನ ಮೇಲೆ ಒಂದು ಹನಿ ಮುಟ್ಟೂರಲ್ಲ.”

ವೈದ್ಯರು ವರದಿಗೆ ಹೊಸ ಅಭಿಪ್ರಾಯ ಸೇರಿಸಿದರು. ಪೊಲೀಸರು ಬೋಟಿನವರನ್ನು ಒಬ್ಬೊಬ್ಬರನ್ನಾಗಿ ಕರೆದು ಕೇಳಿದರು. ಮೂರನೆಯವನಾದ ಗಣೇಶ ನಿಜ ಹೇಳಿಬಿಟ್ಟ. ಸುಳ್ಳು ಹೇಳಿಸಿದ್ದ ಬೋಟಿನ ಮಾಲೀಕನ ಮೇಲೆ ಕೇಸಾಯಿತು.

ತದಡಿಯಲ್ಲಿ ಬಹಳ ಜನ ನಾಗಿಯನ್ನು ಕೇಳಿದರು: ಹೆಂಗಿತ್ತು, ಚಿತ್ರದಲ್ಲಿ ಮತ್ತೆಂತ ಕಾಣ್ತು, ಮೊಬೈಲಲ್ಲಿ ತಂದಿದ್ದೀಯಾ? ಹಗ್ಗದ ಸಂಗತಿಯನ್ನು ಎಲ್ಲರಿಗೂ ಹೇಳಿದಳು. ಚಿತ್ರದ ಬಗ್ಗೆ ಕೇಳಿದವರಿಗೆ, “ಅದು ನಂದು” ಎಂದಷ್ಟೇ ಹೇಳಿ ಮೀನಿನ ಬುಟ್ಟಿ ಎತ್ತಿಕೊಂಡಳು.

ಹೇಳಿಕೆ ಕೊಟ್ಟ ವಾರಕ್ಕೆ ಗಣೇಶ ಅವಳ ಮನೆಗೆ ಬಂದ. ನಾಗಿ ಅದನ್ನು ಫೋನಿನಲ್ಲಿ ಚಂದನಾಳಿಗೆ ಹೇಳಿದಳು. ಅವನು ಜಗಲಿಯ ತುದಿಯಲ್ಲಿ ಕೂತು ತಲೆ ಎತ್ತಲಿಲ್ಲವಂತೆ. ಬಲೆ ಇಳಿಯುತ್ತಿತ್ತು, ಸೋಮನ ಕಾಲು ಸುರುಳಿಗೆ ಸಿಕ್ಕಿ ಅವನನ್ನು ನೀರಿಗೆ ಎಳೆಯಿತು, ಎಂಜಿನ್ನು ನಿಲ್ಲಿಸಿ ಎಳೆದರೆ ಹಗ್ಗ ಬರಿದೇ ಬಂತು ಎಂದನಂತೆ. ಕೇಸು ಬರುತ್ತದೆಂದು ಹೆದರಿ ಮಾಲೀಕ ಹೇಳಿಕೊಟ್ಟದ್ದನ್ನು ತಾವೂ ಹೇಳಿದೆವು ಎಂದನಂತೆ.

“ನಾ ಕೇಳ್ದೆ, ಅಷ್ಟೊತ್ತಿಗೆ ನಮ್ಮನೆಯೋರು ಎಂತ ಮಾಡ್ತಿದ್ರು ಅಂತ” ಎಂದಳು ನಾಗಿ. “ಹಿಂದಿದ್ದ ಹೊಸಬನ ಕಾಲು ಸುರುಳಿಗೆ ಸಿಕ್ಕೂದಿತ್ತಂತೆ. ಅಂವನ್ನ ದೂಡಿ, ಆ ಜಾಗದಲ್ಲಿ ಇವರು ನಿಂತ್ರಂತೆ.”

ಫೋನಿನ ಆಚೆ ಯಾರೋ ಅವಳನ್ನು ಕೂಗಿದರು.

“ಆತು ತಂಗೀ, ಇಡ್ತೆ. ಬೋಟು ಬಂತು” ಎಂದಳು ನಾಗಿ.