ಬಿಸಿ ತಾಗದ ಪಾದ

ಅಮೆರಿಕದ ಸುವಾನಿ ಊರಿನ ಹೊಸ ಮನೆಯೊಂದರಲ್ಲಿ ಗೃಹಪ್ರವೇಶದ ಪೂಜೆ ಮುಗಿಯುವ ಹೊತ್ತಿಗೆ ಜುಲೈ ಬಿಸಿಲು ನೆತ್ತಿಗೆ ಬಂದಿತ್ತು. ಗ್ರೂಪ್ ಫೋಟೋಗೆಂದು ಎಲ್ಲರೂ ಬರಿಗಾಲಲ್ಲೇ ಮನೆ ಮುಂದಿನ ಡ್ರೈವ್‌ವೇಗೆ ಬಂದರು. ಕಾಂಕ್ರೀಟು ಕಾದ ಕಾವಲಿಯಂತಿತ್ತು. ಮಕ್ಕಳು ಕಿರುಚುತ್ತಾ ಹುಲ್ಲಿನ ಕಡೆ ಓಡಿದರೆ ದೊಡ್ಡವರು ಒಂದು ಕಾಲಿಂದ ಇನ್ನೊಂದು ಕಾಲಿಗೆ ಕುಣಿಯುತ್ತಿದ್ದರು. ಹರಿಣಿ ಮಾತ್ರ ಆರತಿ ತಟ್ಟೆ ಹಿಡಿದು ನೆಟ್ಟಗೆ ನಿಂತು, "ಒಂದು ನಿಮಿಷ ಅಲ್ಲಾಡ್ದೆ ನಿಂತ್ಕೊಳ್ಳಿ" ಎಂದು ಎಲ್ಲರನ್ನೂ ಗದರುತ್ತಿದ್ದಳು.

"ನಿಂಗೆ ಸುಡ್ತಿಲ್ವೇನೇ?" ಅವಳ ಗೆಳತಿ, ಮನೆಯೊಡತಿ ಉಷಾ ಕೇಳಿದಳು.

"ಇಷ್ಟಕ್ಕೆಲ್ಲ ಏನಾಗುತ್ತೆ" ಎಂದು ನಕ್ಕಳು ಹರಿಣಿ.

ಒಳಗೆ ಬಂದು ಊಟಕ್ಕೆ ಬಡಿಸುತ್ತಿದ್ದಾಗ, ಮೈಸೂರಿನಿಂದ ಬಂದಿದ್ದ ಉಷಾಳ ತಾಯಿ ರೇಣುಕಾದೇವಿ ಹೊಸ ಮರದ ನೆಲವನ್ನು ನೋಡಿ ನಿಂತರು. ಹರಿಣಿ ಓಡಾಡಿದಲ್ಲೆಲ್ಲ ಒದ್ದೆ ಗುರುತು. ಅದರಲ್ಲಿ ತುಸು ಕೆಂಪು.

"ಬಾಮ್ಮ ಇಲ್ಲಿ. ಕೂತ್ಕೋ. ಕಾಲು ತೋರ್ಸು."

ಎರಡೂ ಅಂಗಾಲಿನ ಚರ್ಮ ಬೊಬ್ಬೆಯೆದ್ದು ಒಡೆದಿತ್ತು. ಬಲಗಾಲಿನ ಹೆಬ್ಬೆರಳ ಕೆಳಗೆ ಚರ್ಮವೇ ಕಿತ್ತು ಜೋತಾಡುತ್ತಿತ್ತು. ಹರಿಣಿ ಅದನ್ನು ಬೇರೆ ಯಾರದೋ ಕಾಲೆಂಬಂತೆ ನೋಡಿದಳು. ಒಂದಿಷ್ಟೂ ನೋವಿರಲಿಲ್ಲ. ಅವಳಿಗೆ ಹೆದರಿಕೆ ಹುಟ್ಟಿದ್ದೇ ಅದಕ್ಕೆ.

ಎಂಟು ವರ್ಷದ ಹಿಂದೆ ಡಯಾಬಿಟಿಸ್ ಇದೆ ಎಂದು ತಿಳಿದಾಗ ಅವಳು ಛಲ ಹಿಡಿದವಳಂತೆ ಅದರ ಬೆನ್ನು ಹತ್ತಿದ್ದಳು. ಬೆಳಗಿನ ವಾಕಿಂಗ್ ತಪ್ಪಿಸಲಿಲ್ಲ, ಅನ್ನ ಅರ್ಧಕ್ಕಿಳಿಸಿದಳು, ಬೆರಳು ಚುಚ್ಚಿ ಸಕ್ಕರೆ ನೋಡಿಕೊಂಡಳು. ಮೂರು ತಿಂಗಳ ಸರಾಸರಿ ಹೇಳುವ ಎ-ಒನ್-ಸಿ ಆರು ಚಿಲ್ಲರೆಗೆ ಇಳಿದಾಗ ಡಾಕ್ಟರೇ ಕೈಕುಲುಕಿದ್ದರು. ಕನ್ನಡ ಕೂಟದಲ್ಲಿ ಹೊಸದಾಗಿ ಸಕ್ಕರೆ ಬಂದವರೆಲ್ಲ ಅವಳನ್ನೇ ಕೇಳುವಂತಾಯಿತು. ಆಮೇಲೆ ಕೋವಿಡ್ ಬಂತು, ಕೆಲಸ ಮನೆಗೇ ಬಂತು. ಒಂದು ಸಲ ಲ್ಯಾಬ್‌ಗೆ ಹೋಗುವುದು ತಪ್ಪಿತು, ಮತ್ತೊಂದು ಸಲವೂ ತಪ್ಪಿತು. ಮಾತ್ರೆ ಹೊಟ್ಟೆ ಕೆಡಿಸುತ್ತದೆಂದು ದಿನ ಬಿಟ್ಟು ದಿನ ನುಂಗಿದಳು, ಕೊನೆಗೆ ನಿಲ್ಲಿಸಿಯೇಬಿಟ್ಟಳು. ಏನೂ ಆಗಲಿಲ್ಲ. ಗುಣವಾಗಿದೆ ಎಂದುಕೊಂಡಳು. ಗಂಡ ಶಶಿಕಾಂತ್ ಕೇಳಿದಾಗಲೆಲ್ಲ "ಎಲ್ಲ ನಾರ್ಮಲ್" ಎನ್ನುತ್ತಿದ್ದಳು.

ಊಟ ಬಿಟ್ಟು ನೇರ ಹೋದ ಅರ್ಜೆಂಟ್ ಕೇರ್ ಕ್ಲಿನಿಕ್‌ನಲ್ಲಿ ಬೆರಳು ಚುಚ್ಚಿದಾಗ ಸಕ್ಕರೆ ನಾನೂರರ ಹತ್ತಿರ ಬಂತು. ನರ್ಸ್ ಮತ್ತೊಮ್ಮೆ ಚುಚ್ಚಿದಳು. ಅಷ್ಟೇ ಬಂತು. ಸಕ್ಕರೆ ಕಾಲಿನ ನರಗಳನ್ನೇ ಮಂಕಾಗಿಸಿದೆ, ಅದಕ್ಕೇ ಸುಟ್ಟದ್ದು ತಿಳಿದಿಲ್ಲ ಎಂದರು ಡಾಕ್ಟರ್.

"ಮಾತ್ರೆ ಕೊನೆಯದಾಗಿ ತಗೊಂಡಿದ್ದು ಯಾವಾಗ?" ಡಾಕ್ಟರ್ ಕೇಳಿದರು.

ಶಶಿಕಾಂತ್ ಪಕ್ಕದಲ್ಲೇ ನಿಂತಿದ್ದ. ಹರಿಣಿ ಗೋಡೆ ನೋಡುತ್ತಾ ಹೇಳಿದಳು. "ಎರಡು ವರ್ಷದ ಮೇಲಾಯ್ತು."

ವಾಪಸು ಬರುವಾಗ ಕಾರು ಸಿಗ್ನಲ್ಲಿನಲ್ಲಿ ನಿಂತಾಗ ಅವನು, ರಸ್ತೆಯಿಂದ ಕಣ್ಣು ತೆಗೆಯದೆ, "ನಾನು ಕೇಳ್ದಾಗೆಲ್ಲ ಯಾಕೆ ಹಾಗೆ ಹೇಳ್ದೆ?" ಎಂದ.

"ನಿಜ ಹೇಳಿದ್ರೆ ನೀವು ಟೆಸ್ಟ್ ಮಾಡಿಸು ಅಂತಿದ್ರಿ."

"ಹೌದು, ಅಂತಿದ್ದೆ."

"ಅದೇ ಭಯ ಇತ್ತು ರೀ. ರಿಪೋರ್ಟ್ ನೋಡೋ ಭಯ."

ಹಸಿರು ದೀಪ ಬಂತು, ಅವನು ಕಾರು ಮುಂದೆ ಬಿಟ್ಟ. ಅವನು ಬೈದಿದ್ದರೆ ಹಗುರವಾಗುತ್ತಿತ್ತೇನೋ ಎಂದು ಅವಳಿಗನ್ನಿಸಿತು.

ವಾರದೊಳಗೆ ಎಡಗಾಲಿನ ಗಾಯ ಒಣಗತೊಡಗಿತು. ಬಲಗಾಲಿನದು ಒಣಗಲಿಲ್ಲ. ಹೆಬ್ಬೆರಳು ಊದಿ ನೇರಳೆಗೆ ತಿರುಗಿತು, ಕೆಂಪು ಗೆರೆ ಪಾದದ ಮೇಲಕ್ಕೆ ಹರಿಯಿತು, ಚಳಿಜ್ವರ ಬಂತು. ಆಸ್ಪತ್ರೆಗೆ ಸೇರಿಸಿಕೊಂಡರು. ಪಾದದ ಸರ್ಜನ್ ಕುರ್ಚಿ ಎಳೆದುಕೊಂಡು ಹಾಸಿಗೆಯ ಪಕ್ಕ ಕೂತರು. ಸೋಂಕು ಚರ್ಮದಲ್ಲಷ್ಟೇ ಇದ್ದರೆ ಆಂಟಿಬಯೋಟಿಕ್ ಸಾಕು, ಮೂಳೆಗೆ ಇಳಿದಿದ್ದರೆ ಬೆರಳು ತೆಗೆಯಬೇಕಾಗಬಹುದು, ಎಂಆರ್‌ಐ ನೋಡದೆ ಹೇಳಲಾರೆ ಎಂದರು.

ಹೈಸ್ಕೂಲಿನಲ್ಲಿದ್ದ ಮಗಳು ಅಶ್ವಿತಾ ಬಾಗಿಲ ಬಳಿಯೇ ನಿಂತು ಕೇಳಿಸಿಕೊಂಡಿದ್ದಳು.

"ಅಮ್ಮಾ, ಕಟ್ ಮಾಡ್ತಾರಾ?"

"ಗೊತ್ತಿಲ್ಲ ಪುಟ್ಟಾ."

ಇಂಥ ಪ್ರಶ್ನೆಗೆ ಏನಾದರೊಂದು ಸುಳ್ಳು ಹೇಳಿ ಸಮಾಧಾನ ಮಾಡುವುದು ಹರಿಣಿಗೆ ರೂಢಿ. ಆ ದಿನ ಬಾಯಿಗೆ ಸುಳ್ಳು ಬರಲಿಲ್ಲ. ಸ್ಕ್ಯಾನ್ ಮುಗಿಸಿ ಬಂದ ಮೇಲೆ ಮೂವರೂ ರಿಪೋರ್ಟಿಗೆ ಕಾಯುತ್ತಾ ಕೂತರು. ಕಾರಿಡಾರಿನಲ್ಲಿ ಹೆಜ್ಜೆ ಸದ್ದಾದಾಗಲೆಲ್ಲ ಶಶಿಕಾಂತ್ ಎದ್ದು ನಿಲ್ಲುತ್ತಿದ್ದ. ಹೊದಿಕೆಯ ಕೆಳಗೆ ಹರಿಣಿ ಆ ಬೆರಳನ್ನು ಅಲ್ಲಾಡಿಸಲು ನೋಡುತ್ತಿದ್ದಳು. ಅಲ್ಲಾಡಿತೋ ಇಲ್ಲವೋ ತಿಳಿಯುತ್ತಿರಲಿಲ್ಲ.

ಸರ್ಜನ್ ಸಂಜೆ ಬಂದರು. ಮೂಳೆಗೆ ಸೋಂಕು ತಗುಲಿರಲಿಲ್ಲ.

"ಈ ಸಲ ಉಳೀತು" ಎಂದರು ಅವರು. 'ಈ ಸಲ' ಎಂಬ ಮಾತು ಮೂವರಿಗೂ ಕೇಳಿಸಿತು.

ಮನೆಗೆ ಬಂದ ಮೇಲೆ ಬೇರೆಯೇ ಪಾಡು ಶುರುವಾಯಿತು. ಬಲಗಾಲಿಗೆ ದೊಡ್ಡ ಬೂಟು, ಹೊಟ್ಟೆಗೆ ಇನ್ಸುಲಿನ್ ಇಂಜೆಕ್ಷನ್, ತೋಳಿಗೆ ಅಂಟಿಸಿದ ಪುಟ್ಟ ಸೆನ್ಸರ್. ಸಕ್ಕರೆಯ ಅಂಕಿ ಫೋನಿಗೇ ಬರುತ್ತಿತ್ತು. ಹರಿಣಿಗೆ ಊಟ ಎಂದರೆ ಹೆದರಿಕೆಯಾಯಿತು. ಒಂದು ದೋಸೆ ತಿಂದರೂ ಗೆರೆ ಏರುವುದನ್ನು ನೋಡುತ್ತಾ ಕೂರುತ್ತಿದ್ದಳು. ಕೊನೆಗೆ ಮನೆಯವರಿಗೆ ತಿಳಿಯದಂತೆ ಊಟ ಬಿಡತೊಡಗಿದಳು.

ಒಂದು ಮಧ್ಯಾಹ್ನ ಆಫೀಸಿನ ವಿಡಿಯೋ ಮೀಟಿಂಗ್‌ನಲ್ಲಿ ಮಾತಾಡುತ್ತಿದ್ದಂತೆ ಕೈ ನಡುಗಿತು, ಬೆವರು ಕಿತ್ತುಕೊಂಡು ಬಂತು, ಪರದೆಯ ಮೇಲಿನ ಮುಖಗಳು ಕಲಸಿಕೊಂಡವು. ಸಕ್ಕರೆ ತೀರಾ ಕುಸಿದಿದೆ ಎಂದು ಫೋನ್ ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಅಶ್ವಿತಾ ಪಕ್ಕದ ಕೋಣೆಯಿಂದ ಓಡಿ ಬಂದು, ಲ್ಯಾಪ್‌ಟಾಪ್ ಮುಚ್ಚಿ, ಆರೆಂಜ್ ಜ್ಯೂಸ್ ಲೋಟವನ್ನು ಅಮ್ಮನ ತುಟಿಗೆ ಹಿಡಿದಳು.

"ಕುಡಿ ಅಮ್ಮಾ. ಫುಲ್ ಕುಡಿ."

ನಡುಕ ನಿಂತ ಮೇಲೆ ಹುಡುಗಿ ನೆಲದ ಮೇಲೇ ಕೂತು ಅತ್ತಳು. "ನೀನು ಮತ್ತೆ ಹೇಳಿಲ್ಲ. ಲಂಚ್ ಸ್ಕಿಪ್ ಮಾಡಿದ್ದು ನೀನು ಹೇಳಿಲ್ಲ."

ಹರಿಣಿಗೆ ಆಸ್ಪತ್ರೆಯಲ್ಲಿ ಬಾರದ ಅಳು ಆಗ ಬಂತು. ಆ ಸಂಜೆ ಅವಳೇ ಕ್ಲಿನಿಕ್‌ಗೆ ಫೋನ್ ಮಾಡಿ ಊಟ ಬಿಟ್ಟ ವಿಷಯ ಹೇಳಿದಳು. ಇನ್ಸುಲಿನ್ ಕಡಿಮೆ ಮಾಡಿದರು, ಹೊಟ್ಟೆ ಕೆಡಿಸದ ಬೇರೆ ನಮೂನೆಯ ಮಾತ್ರೆ ಕೊಟ್ಟರು. ಡಯಟಿಷಿಯನ್ ಜೊತೆ ಕೂತು ಮುದ್ದೆ ಎಷ್ಟು, ಸೊಪ್ಪು ಬೇಳೆ ಎಷ್ಟು, ಹಬ್ಬದ ದಿನ ಒಬ್ಬಟ್ಟು ತಿಂದರೆ ಏನು ಬಿಡಬೇಕು ಎಂದು ಒಂದೊಂದಾಗಿ ಕೇಳಿಕೊಂಡಳು. ತನ್ನ ಸೆನ್ಸರಿನ ಅಂಕಿ ಶಶಿಕಾಂತನ ಫೋನಿಗೂ ಹೋಗುವಂತೆ ಮಾಡಿದಳು. ಮೊದಮೊದಲು ಅಂಕಿ ಏರಿದಾಗ ಅವನು ಏನನ್ನುತ್ತಾನೋ ಎಂದು ಅವನ ಮುಖ ನೋಡುತ್ತಿದ್ದಳು. ಅವನು ಏನೂ ಅನ್ನದೆ "ಬೂಟ್ ಹಾಕ್ಕೊಂಡು ಮೆಲ್ಲಗೆ ಒಂದು ರೌಂಡ್ ಹೋಗ್ಬರೋಣ್ವಾ?" ಎನ್ನುತ್ತಿದ್ದ.

ಚಳಿಗಾಲಕ್ಕೆ ಹುಣ್ಣು ಪೂರ್ತಿ ಮಾಗಿತು. ಹನ್ನೊಂದು ದಾಟಿದ್ದ ಎ-ಒನ್-ಸಿ ಏಳಕ್ಕೆ ಬಂತು. ಇನ್ಸುಲಿನ್ ಇಂಜೆಕ್ಷನ್ ನಿಂತಿತು. ಡಾಕ್ಟರ್ ಅವಳ ಕಣ್ಣು ಮುಚ್ಚಿಸಿ, ಸ್ಪರ್ಶ ತಿಳಿದರೆ ಹೇಳಿ ಎಂದು ನೈಲಾನ್ ಎಳೆಯಿಂದ ಪಾದದ ಅಲ್ಲಲ್ಲಿ ಮುಟ್ಟುತ್ತಾ ಹೋದರು.

"ಗೊತ್ತಾಯ್ತು," ಹರಿಣಿ ಹೇಳಿದಳು. "ಗೊತ್ತಾಯ್ತು." ಆಮೇಲೆ ಬಹಳ ಹೊತ್ತು ಸುಮ್ಮನಿದ್ದಳು. ಕಣ್ಣು ತೆರೆದಾಗ ಎಳೆ ಹೆಬ್ಬೆರಳನ್ನು ಒತ್ತಿಕೊಂಡೇ ಇತ್ತು.

"ಈ ಭಾಗಕ್ಕೆ ಸ್ಪರ್ಶ ಮತ್ತೆ ಬರಲಿಕ್ಕಿಲ್ಲ" ಎಂದರು ಡಾಕ್ಟರ್. "ಉಳಿದಿದ್ದನ್ನ ಕಾಪಾಡ್ಕೋಬೇಕು."

ಹರಿಣಿ ತಲೆಯಾಡಿಸಿದಳು. ಕಾಲುಚೀಲವನ್ನು ಒಳಮಗ್ಗುಲು ಮಾಡಿ ಕೈಯಾಡಿಸಿ ನೋಡಿ ಹಾಕಿಕೊಂಡಳು, ಶೂ ಕೊಡವಿ ಕಟ್ಟಿಕೊಂಡಳು. ಹೊರಗಿನ ಕೌಂಟರಿನಲ್ಲಿ ಹುಡುಗಿ ಮುಂದಿನ ತಪಾಸಣೆಗೆ ಏಪ್ರಿಲ್ ಆಗಬಹುದೇ ಎಂದು ಕೇಳಿದಳು.

ಹರಿಣಿ ಜೊತೆಗೆ ಬಂದಿದ್ದ ಗಂಡನ ಕಡೆ ತಿರುಗಿದಳು. "ಮಾರ್ಚ್‌ನಲ್ಲೇ ಸಿಕ್ಕುತ್ತಾ ಕೇಳ್ಲಾ? ನೀವೂ ಬರ್ಬೇಕು."

"ಕೇಳು" ಎಂದ ಶಶಿಕಾಂತ್.